ಊದಿದ ರೆಪ್ಪೆಯ ಒಳಗೆ

ಮೂಡುಬಿದಿರೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಮಾಜಿದಾ ಇಪ್ಪತ್ತು ವರ್ಷಗಳಿಂದ ನರ್ಸ್. ತಲೆಗೆ ಪೆಟ್ಟಾದವರು ಬಂದರೆ ಅರ್ಧ ಗಂಟೆಗೊಮ್ಮೆ ಟಾರ್ಚಿನ ಬೆಳಕು ಬಿಟ್ಟು ಎರಡೂ ಕಣ್ಣಿನ ಪಾಪೆ ನೋಡಬೇಕು. ಒಂದು ದೊಡ್ಡದಾಗಿ ಬೆಳಕಿಗೂ ಕಿರಿದಾಗದಿದ್ದರೆ ಒಳಗೆ ರಕ್ತ ಕಟ್ಟಿ ಮಿದುಳನ್ನು ಒತ್ತುತ್ತಿರಬಹುದು. ಇದನ್ನು ಅಲ್ಲಿನ ಎಲ್ಲ ನರ್ಸುಗಳಿಗೂ ಕಲಿಸಿದವಳು ಅವಳೇ. ಕಲಿತು ಮಾಡಿದ ಘನಕಾರ್ಯ ನೋಡಿದರೆ ವಾಕರಿಕೆ ಬರುತ್ತದೆ.

ಬಸದಿಯ ಉಸ್ತುವಾರಿ ನೋಡುವ ಪುಷ್ಪರಾಜರು ಬೆಳಿಗ್ಗೆ ಮೆಟ್ಟಿಲಲ್ಲಿ ಜಾರಿ ಬಿದ್ದು ಬಂದಿದ್ದರು. ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಮಾತಾಡುತ್ತಿದ್ದಾರಲ್ಲ, ನೋಡಿಕೊಂಡಿರಿ ಎಂದು ಡಾಕ್ಟರು ಮಲಗಿಸಿದರು. ಮಧ್ಯಾಹ್ನ ಒಂದು ಗಂಟೆಗೆ ಹೆಂಡತಿ ಪ್ರಭಾವತಿ ಮಾಜಿದಾಳ ಬಳಿ ಓಡಿ ಬಂದರು.

"ಸಿಸ್ಟರ್, ಇವರು ಆಗಿನಿಂದ ಗೊರಕೆ ಹೊಡೀತಾ ಇದ್ದಾರೆ. ಕರೆದ್ರೆ ಏಳುವುದಿಲ್ಲ. ಒಮ್ಮೆ ನೋಡ್ತೀರಾ?"

ಚಾರ್ಟಿನಲ್ಲಿ ಹತ್ತರಿಂದ ಹನ್ನೆರಡೂವರೆಯವರೆಗೆ ಆರು ಸಾಲು. ಆರರಲ್ಲೂ ಒಂದೇ ಮಾತು: ಎರಡೂ ಪಾಪೆ ಸಮ, ಬೆಳಕಿಗೆ ಎರಡೂ ಚುರುಕು. ಮುಚ್ಚಿದ ಕಣ್ಣಿನ ಪಾಪೆ! ಮಾಜಿದಾ ಹತ್ತಿ ಬಟ್ಟೆಯಿಟ್ಟು ಊದಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿದಳು. ಪಾಪೆ ಅಗಲವಾಗಿ ನಿಂತಿತ್ತು, ಬೆಳಕಿಗೆ ಕದಲಲಿಲ್ಲ. ಕಣ್ಣಿಗೇ ಪೆಟ್ಟಾದರೂ ಹಾಗಾಗುವುದುಂಟು. ಆದರೆ ಕೂಗಿದರೂ ಏಳದ ಮನುಷ್ಯನಲ್ಲಿ ಹಾಗೆಂದು ಸಮಾಧಾನ ಮಾಡಿಕೊಳ್ಳುವಂತಿರಲಿಲ್ಲ. ಡಾಕ್ಟರನ್ನು ಕರೆಸಿ, ಹತ್ತೇ ನಿಮಿಷದಲ್ಲಿ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದಳು.

ಆಮೇಲೆ ಅವಳು ಚಾರ್ಟು ಬರೆದ ಕಿರಿಯ ನರ್ಸ್ ಜಸ್ನಾಳನ್ನು ಹಿಡಿದು ನಿಲ್ಲಿಸಿದಳು.

"ನಾಚಿಕೆ ಆಗುವುದಿಲ್ವಾ ನಿನಗೆ? ನೋಡದ ಕಣ್ಣನ್ನು ಸಮ ಅಂತ ಬರೀತೀಯಲ್ಲ!"

ಜಸ್ನಾ ಅಳುತ್ತಲೇ ಚಾರ್ಟಿನ ಕೊನೆಯ ಕಲಂ ತೋರಿಸಿದಳು. "ಮಾಜಿದಕ್ಕ, ಪರಿಶೀಲಿಸಿದ್ದೇನೆ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?"

ಆರು ಸಾಲಿಗೂ ಆರು ಸಹಿ. ಕೌಂಟರಿನಲ್ಲಿ ಚಹಾ ಕುಡಿಯುತ್ತ, ಒಮ್ಮೆಯೂ ಹಾಸಿಗೆಯ ಹತ್ತಿರ ಹೋಗದೆ, ಚಾರ್ಟು ಬಂದಂತೆಲ್ಲ ಗೀಚಿದ್ದು. ಮಾಜಿದಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಪರೇಷನ್ ಆಗಿ ಪುಷ್ಪರಾಜರು ಉಳಿದರು. ಎಡಗೈ ಮಾತ್ರ ಸೋತುಹೋಯಿತು. ಬೇಗ ತಂದಿದ್ದರೆ ಅದೂ ಉಳಿಯುತ್ತಿತ್ತೋ ಏನೋ ಎಂದು ಅಲ್ಲಿನವರು ಹೇಳಿದರಂತೆ.

ಎರಡು ತಿಂಗಳ ಮೇಲೆ ಪ್ರಭಾವತಿ ಬಂದು ಮಾಜಿದಾಳ ಎರಡೂ ಕೈ ಹಿಡಿದುಕೊಂಡರು.

"ನೀವೊಬ್ಬರಾದ್ರೂ ಕಣ್ಣು ಬಿಡಿಸಿ ನೋಡಿದ್ರಿ. ಇಲ್ಲದಿದ್ರೆ ನನಗೆ ಯಾರುಂಟು?"

"ಅಮ್ಮ, ಅದಕ್ಕಿಂತ ಮೊದಲು ಆರು ಸಲ ನೋಡದೆಯೇ ಸಹಿ ಹಾಕಿದ್ದೇನೆ," ಎಂದಳು ಮಾಜಿದಾ.

ಪ್ರಭಾವತಿ ಹಿಡಿದಿದ್ದ ಕೈ ಬಿಟ್ಟರು.