ನಟ್ಟಿನ ಮೇಲಿನ ಸುಣ್ಣ

ರಾಯಬಾಗ ದಾಟಿ ಅಥಣಿಯ ದಾರಿ ಹಿಡಿದಾಗ ಮೋಟರ್ ಸೈಕಲ್ಲಿನ ಹಿಂದಿನ ಚಕ್ರದಿಂದ ಕಟಕಟ ಸಪ್ಪಳ ಶುರುವಾಯಿತು. ಕಬ್ಬಿನ ಚಕ್ಕಡಿಗಳು ಓಡಾಡಿ ರಸ್ತೆ ಕಿತ್ತುಹೋಗಿತ್ತು. ಹಿಂದಿನ ಸೀಟು ಖಾಲಿಯಿದ್ದುದರಿಂದ ಗುಂಡಿ ಬಂದಲ್ಲೆಲ್ಲ ಗಾಡಿ ಹೆಚ್ಚೇ ಕುಣಿಯುತ್ತಿತ್ತು.

ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ಚೈನು ಸುತ್ತುವ ಹಲ್ಲುಚಕ್ರದ ನಾಲ್ಕು ನಟ್ಟುಗಳನ್ನು ನೋಡಲು ಕುಕ್ಕರುಗಾಲಲ್ಲಿ ಕುಳಿತೆ. ಅಂಗಡಿಯೊಳಗೆ ರೇಡಿಯೋ ಮರಾಠಿಯಲ್ಲಿ ಸುದ್ದಿ ಓದುತ್ತಿತ್ತು.

ಪ್ರತಿ ನಟ್ಟಿನಿಂದ ಚಕ್ರದ ತಗಡಿನವರೆಗೆ ಒಂದೊಂದು ಸುಣ್ಣದ ಗೆರೆ. ಎಳೆದವನು ಭೋಜ ಊರಿನ ಗೆಳೆಯ ಬಾಳಪ್ಪ. ತಂಬಾಕು, ಸುಣ್ಣದ ಡಬ್ಬಿ ಇಲ್ಲದೆ ಅವನು ನನ್ನ ಹಿಂದೆ ಹತ್ತಿದವನೇ ಅಲ್ಲ. 'ಗೆರಿ ಮುರದಿತ್ತಂದ್ರ ನಟ್ ತಿರಿಗೇತಿ ಅಂತ ತಿಳಕೋಲೇ' ಎನ್ನುತ್ತಿದ್ದ. ಹೋದ ತಿಂಗಳು ಅವನನ್ನು ಮಣ್ಣು ಮಾಡಿ ಬಂದೆವು. ಆಮೇಲೆ ಈ ದಾರಿಗೆ ಬಂದದ್ದು ಇದೇ ಮೊದಲು.

ಮೂರು ಗೆರೆಗಳು ಮುರಿದಿದ್ದವು. ಪಾನಾ ಹಾಕಿ ಮೂರನ್ನೂ ಬಿಗಿದು, ಅಂಗಡಿಯ ಅಜ್ಜಿಯ ಹತ್ತಿರ ಚೂರು ಸುಣ್ಣ ಕೇಳಿದೆ.

'ಬರೇ ಸುಣ್ಣ ಏನ್ರಿ? ತಂಬಾಕ ಬ್ಯಾಡಾ?'

'ನಾ ತಿನ್ನಂಗಿಲ್ಲಬೇ. ಗಾಡಿಗೆ ಬೇಕು.'

ಅಜ್ಜಿ ನಗಲಿಲ್ಲ. ಸುಣ್ಣ ಕೊಟ್ಟು ಪಕ್ಕಕ್ಕೆ ಬಂದು ನಿಂತಳು. ಬೆರಳ ತುದಿಯಿಂದ ಮೂರು ನಟ್ಟಿಗೂ ಹೊಸ ಗೆರೆ ಎಳೆದೆ. ನಾಲ್ಕನೆಯದರ ಸುತ್ತಲಿನ ಎಣ್ಣೆಯನ್ನಷ್ಟೇ, ಹಳೆಯ ಗೆರೆಗೆ ತಾಗದಂತೆ, ಅರಿವೆಯಿಂದ ಒರೆಸಿದೆ.

'ಇದೊಂದಕ್ಕ ಹಚ್ಚಲಿಲ್ಲಲ್ರಿ?' ಎಂದಳು.

'ಅದರ ಗೆರಿ ಇನ್ನಾ ಮುರದಿಲ್ಲಬೇ' ಎಂದೆ.