ಲಿಲಾವಿನ ಮನೆ

ಬಯಾನ್ ಲೆಪಾಸ್‌ನ ಕಾರ್ಖಾನೆಯೊಂದರಲ್ಲಿ ನಮ್ಮವರು ಎಂಜಿನಿಯರ್. ಈ ಮಲೇಷ್ಯಾದಲ್ಲಿ ಕಾಯಂ ಇರಲು ಪರವಾನಗಿ ಸಿಕ್ಕಿದ್ದೇ ತಡ, ಸಣ್ಣದೊಂದು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡೋಣ, ಮುಂದೆ ಆಸರೆಯಾದೀತು ಎಂದು ಹಟ ಹಿಡಿದರು. ಒಂದು ಸಂಜೆ ದಲ್ಲಾಳಿಯ ಫೋನು ಇಟ್ಟವರೇ, "ಲೆಲೋಂಗ್ ಮನಿ ಒಂದು ಬಂದದ. ಅಗ್ಗಕ್ಕ ಸಿಗತದ" ಎಂದರು.

ಆ ಮಲಯ್ ಮಾತಿಗೆ ನನಗೆ ಅರ್ಥ ಹೇಳಬೇಕಾಗಲಿಲ್ಲ. ನಮ್ಮ ಹುಬ್ಬಳ್ಳಿ ಕಡೆ ಲಿಲಾವು ಅನ್ನುತ್ತೇವಲ್ಲ, ಅದೇ. ಕಂತು ಕಟ್ಟಲಾಗದವರ ಮನೆಯನ್ನು ಬ್ಯಾಂಕು ಹರಾಜಿಗೆ ಹಾಕುವುದು.

"ಬ್ಯಾಡ್ರಿ," ಎಂದೆ. "ಲಿಲಾವಿನ ತಂಬಿಗಿ ಸೈತ ಮನಿಗೆ ತರಬಾರದು ಅಂತಿದ್ಲು ನಮ್ಮವ್ವ. ಅದರ ಹಿಂದ ಕಣ್ಣೀರು ಬರತಾವಂತ."

"ಗುಡಿ ಲಿಲಾವಿನಾಗ ದೇವಿ ಸೀರಿ ತರತಿದ್ಲಲ್ಲ ನಿಮ್ಮವ್ವ, ಅದು?"

"ಅದು ದೇವಿ ಉಟ್ಟು ಕೊಟ್ಟದ್ದು. ಇದು ಕಸಗೊಂಡದ್ದು."

ಆದರೂ ಶನಿವಾರ ನೋಡಲು ಹೋದೆವು. ಹರಾಜಿನ ಮನೆಯನ್ನು ಹೊರಗಿನಿಂದಷ್ಟೇ ನೋಡಬೇಕು; ಒಳಗಿದ್ದವರನ್ನು ಬಿಡಿಸುವುದು ಕೊಂಡವರ ಪಾಲು ಎಂದು ದಲ್ಲಾಳಿ ಮೊದಲೇ ಹೇಳಿದ್ದ.

ಗ್ರಿಲ್ಲಿನ ಹಿಂದೆ ತಮಿಳು ಹೆಂಗಸೊಬ್ಬಳು ಬಂದು ನಿಂತಳು. ನನ್ನ ವಯಸ್ಸಿನವಳೇ. ನಾವು ಯಾರೆಂದು ಕೇಳದೆ ಬೀಗ ತೆಗೆದಳು.

"ಎಲ್ಲರೂ ಕೆಳಗಿಂದ ಫೋಟೋ ತಗೊಂಡು ಹೋಗ್ತಾರೆ. ನೀವಾದರೂ ಮೆಟ್ಟಿಲು ಹತ್ತಿದಿರಿ."

ಸಂತೆಯಲ್ಲಿ ಕಲಿತ ನನ್ನ ಹರಕು ತಮಿಳು ಅಷ್ಟಕ್ಕೆ ಸಾಕಾಯಿತು. ಗಂಡ ತೀರಿಕೊಂಡ ಮೇಲೆ ಕಂತು ನಿಂತಿತ್ತು. ಒಳಕೋಣೆಯಲ್ಲಿ ಮಗಳು ಬಾಗಿಲು ಅರ್ಧ ಮುಚ್ಚಿಕೊಂಡು ಓದುತ್ತಿದ್ದಳು. ಶಾಲೆಯ ಕೊನೆಯ ವರ್ಷದ ದೊಡ್ಡ ಪರೀಕ್ಷೆ ಹತ್ತಿರ ಬಂದಿತ್ತು.

"ನೀವೇ ತಗೊಳ್ಳಿ ಅಕ್ಕಾ," ಎಂದಳು.

"ನಾನು ಬೇಡ ಅನ್ನೋಣ ಅಂತ ಬಂದವಳು."

"ನೀವು ಬೇಡ ಅಂದ್ರೆ ಬ್ಯಾಂಕು ನನಗೆ ಬಿಟ್ಟುಕೊಡುತ್ತಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬೇರೆ ಯಾರೋ ಬಂದು ಬೀಗ ಒಡೀತಾರೆ. ಇವಳ ಪರೀಕ್ಷೆ ಮುಗಿಯೋವರೆಗೆ ಇರೋಕೆ ಬಿಡಿ. ಆಮೇಲೆ ಅಣ್ಣನ ಮನೆಗೆ ಹೋಗ್ತೀನಿ."

ಕಾರಿನಲ್ಲಿ ಕೂತ ಮೇಲೆ ನಮ್ಮವರು, "ಈಗೇನಂತಿ?" ಎಂದರು.

ಕೊಡುವವಳೇ ಬಾಯಿಬಿಟ್ಟು ಕೊಟ್ಟಿದ್ದಳು. "ಹಿಡೀರಿ. ಆದರ ಆ ಹುಡುಗಿ ಪರೀಕ್ಷಾ ಮುಗಿಯೂತನಕ ಅವರ ಬಾಗಲಾ ಬಡೀಬಾರದು."

"ಅಲ್ಲೀತನಕ ಬಾಡಗಿ ಇಲ್ಲ, ಕಂತು ನಾವು ತುಂಬಬೇಕು. ಭಾರೀ ವ್ಯಾಪಾರ ಬಂತು ನಿನಗ." ಹಾಗಂದರೂ ಬೇಡ ಅನ್ನಲಿಲ್ಲ.

ಹರಾಜಿನ ದಿನ ದೇವರ ಮುಂದೆ ಕೂತೆ. ಸಿಗಲಿ ಎಂದು ಬೇಡಿಕೊಳ್ಳಲು ನಾಲಿಗೆ ಏಳಲಿಲ್ಲ. ಆ ತಾಯಿಮಕ್ಕಳಿಗೆ ಯಾವುದು ಒಳಿತೋ ಹಾಗಾಗಲಿ ಎಂದೆ. ಮನೆ ನಮ್ಮದಾಯಿತು.

ಪರೀಕ್ಷೆ ಮುಗಿದ ವಾರವೇ ಅವಳು ಕರೆದಳು. ನೆಲ ತೊಳೆದಿದ್ದಳು, ಒಲೆಯ ಹಿಂದಿನ ಗೋಡೆಯನ್ನೂ ತಿಕ್ಕಿದ್ದಳು. ಕೀಲಿ ಕೈಗಿಟ್ಟಾಗ, ಒಂದು ದೀಪ ಹಚ್ಚಿ ಹೋಗಿ ಎಂದು ಕೇಳಿಕೊಂಡೆ.

"ನಾನು ಹಚ್ಚಿ ಹೋದ ದೀಪಕ್ಕೆ ಎಣ್ಣೆ ಹಾಕೋರು ಯಾರು? ನೀವೇ ಹಚ್ಚಿ ಅಕ್ಕಾ."

ಮಗಳು ಚೀಲ ಹೊತ್ತು ನನ್ನ ಮುಂದೆಯೇ ಹಾದುಹೋದಳು. ಮುಖ ಎತ್ತಿ ನೋಡಲಿಲ್ಲ. ಅದು ತಪ್ಪೆಂದು ನನಗನ್ನಿಸಲಿಲ್ಲ.

ಅವರ ಹೆಜ್ಜೆಯ ಸಪ್ಪಳ ಮೆಟ್ಟಿಲಿಳಿದು ಹೋದ ಮೇಲೆ ದೀಪ ಹಚ್ಚಿದೆ. ಹುಡುಗಿ ತನ್ನ ಕೋಣೆಯಲ್ಲೇ ಕೂತು ಓದಿ ಪರೀಕ್ಷೆ ಬರೆದಳಲ್ಲ, ಅಷ್ಟು ನಡೆಸಿಕೊಟ್ಟೆಯಲ್ಲ ತಾಯಿ ಎಂದು ಕೈ ಮುಗಿದೆ. ಇನ್ನೇನು ಕೇಳಬೇಕೆಂದು ತೋಚಲಿಲ್ಲ.