ಗಿಬ್ಬನ್ ಜೋಡಿಯ ಹಾಡು, ಅಪ್ಪನ ಕೂಗು

ಕಳೆದ ತಿಂಗಳು ಇಲ್ಲಿ, ಪರದೇಶದ ರೌಸ್ ಹಿಲ್ ಬಡಾವಣೆಯ ನಮ್ಮ ಮನೆಗೆ ಗಿಬ್ಬನ್ ಬಂತು, ಮಗಳ ಲ್ಯಾಪ್‌ಟಾಪಿನಲ್ಲಿ. ಶಾಲೆಯಲ್ಲಿ ಅವಳು ಐದು ನಿಮಿಷ ಅದರ ಬಗ್ಗೆ ಮಾತಾಡಬೇಕಿತ್ತು. ಚೀನಾ, ಮ್ಯಾನ್ಮಾರ್ ಗಡಿಯ ಕಾಡಿನಲ್ಲಿರುವ ಈ ಬಾಲವಿಲ್ಲದ ವಾನರ ಬೇರೆಯದೇ ಜಾತಿ ಎಂದು ವಿಜ್ಞಾನಿಗಳಿಗೆ ಗೊತ್ತಾಗಿದ್ದು ಈಚೆಗಂತೆ. ಹುಬ್ಬಿನ ಆಕಾರ, ಡಿಎನ್ಎ ಎಲ್ಲ ನೋಡಿ, ಕೊನೆಗೆ ಯಾವುದೋ ಸಿನಿಮಾ ಹೀರೋನ ಹೆಸರಿಟ್ಟರಂತೆ. ಅಷ್ಟು ಓದಿದವರಿಗೂ ಸಿನಿಮಾ ಹುಚ್ಚು ಬಿಟ್ಟಿಲ್ಲವಲ್ಲ ಎಂದು ನನಗೆ ಖುಷಿಯಾಯಿತು.

ಮಗಳು ಅದರ ದನಿ ಹಾಕಿದಳು. ಗಂಡು ಕೂಗಿತು, ಹೆಣ್ಣು ಓಗೊಟ್ಟಿತು, ಆಮೇಲೆ ಎರಡೂ ಸೇರಿ ಕಿವಿ ಗುಂಯ್‌ಗುಡುವಂತೆ ಹಾಡಿದವು. ಧಾರವಾಡದಿಂದ ಬಂದು ನಮ್ಮ ಜೊತೆ ಇರುವ ಅವ್ವ ಮೆಂತ್ಯದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಗಂಡ ಹೆಂಡ್ತಿ ಏನವು?"

"ಹೂಂ ಅವ್ವಾ. ದಿನಾ ಮುಂಜಾನೆ ಹಿಂಗ ಹಾಡ್ತಾವಂತ," ಎಂದೆ ನಾನು.

ನನಗೆ ನಮ್ಮ ವಾರದ ಸಂತೆ ನೆನಪಾಯಿತು. ಅವ್ವ ಅಪ್ಪನ ಹೆಸರು ಹೇಳುವವಳಲ್ಲ. ಅಪ್ಪನೂ ನಾಲ್ಕು ಮಂದಿಯ ಮುಂದೆ ಅವಳ ಹೆಸರು ಕೂಗುವವನಲ್ಲ. ಹಾಗಾದರೆ ಆ ಗದ್ದಲದಲ್ಲಿ ಒಬ್ಬರನ್ನೊಬ್ಬರು ಹುಡುಕುವುದು ಹೇಗೆ? ಅಪ್ಪ ಬದನೆಕಾಯಿ ರಾಶಿಯ ಪಕ್ಕ ನಿಂತು ಬಾಯಿಗೆ ಕೈ ಅಡ್ಡ ಹಿಡಿದು "ಕೂಽಽ" ಎನ್ನುತ್ತಿದ್ದ. ಎಲ್ಲಿಂದಲೋ ಅವ್ವನ "ಓಽಽ" ಕೇಳುತ್ತಿತ್ತು. ಇವನು ಎರಡು ಹೆಜ್ಜೆ, ಅವಳು ಎರಡು ಹೆಜ್ಜೆ, ಮತ್ತೆ ಕೂ, ಮತ್ತೆ ಓ. ಕೊನೆಗೆ ಚುರುಮುರಿ ಅಂಗಡಿಯ ಮುಂದೆ ಇಬ್ಬರೂ ಸಿಗುತ್ತಿದ್ದರು. ಅಲ್ಲಿ ನನಗೆ ಒಂದು ಪೊಟ್ಟಣ ಗ್ಯಾರಂಟಿ. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬುತ್ತದೆ.

ಆಮೇಲೆ ನಾನು ಓದಲು ಮೆಲ್ಬರ್ನಿಗೆ ಬಂದೆ. ಪದವಿ ಪ್ರದಾನಕ್ಕೆ ಇಬ್ಬರೂ ಬಂದಿದ್ದರು. ಅಲ್ಲಿನ ದೊಡ್ಡ ಮಾರ್ಕೆಟ್ಟಿನಲ್ಲಿ ಅವ್ವ ಎಲ್ಲೋ ಹಿಂದುಳಿದಳು. ಅಪ್ಪ ತಡಮಾಡಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಧಾರವಾಡದ್ದೇ ಕೂಗು ಹಾಕಿದ. ಚೀಸ್ ಅಂಗಡಿಯವನಿಂದ ಹಿಡಿದು ಎಲ್ಲರೂ ತಿರುಗಿ ನೋಡಿದರು. ನನ್ನ ಜೊತೆ ಓದುವವರೂ ಇಬ್ಬರಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಅಪ್ಪಾ, ಇದು ನಿಮ್ಮ ಸಂತಿ ಅಲ್ಲ. ಮರ್ಯಾದಿ ತೆಗೀಬ್ಯಾಡ್ರಿ!"

"ಆತು ಬಿಡಪಾ," ಎಂದ ಅಪ್ಪ. ಮುಖ ಸಣ್ಣದಾಗಿದ್ದನ್ನು ನೋಡಿದೆ, ಆದರೆ ಸಂಜೆಗೆ ಮರೆತುಬಿಟ್ಟೆ. ಅಪ್ಪ ತೀರಿಹೋಗಿ ಈಗ ಎರಡು ವರ್ಷ.

ಸಂತೆಯ ಕೂಗಿನ ಕತೆ ಹೇಳಿದೆ. ಕೇಳಿದ ಮಗಳಿಗೆ ತರಗತಿಯಲ್ಲಿ ಹಾಕಲು ಮನುಷ್ಯರ ಜೋಡಿ ಕೂಗೂ ಒಂದು ಬೇಕು ಅನ್ನಿಸಿತು. ಅವಳು ಫೋನ್ ಹಿಡಿದು ರೆಕಾರ್ಡ್ ಒತ್ತಿದಳು. ನಾನು ಅವ್ವನನ್ನು ರೇಗಿಸುವ ಹುರುಪಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು, ಥೇಟ್ ಅಪ್ಪನ ಹಾಗೆ, "ಕೂಽಽ" ಎಂದೆ. ನನ್ನದು ಅಪ್ಪನದೇ ದನಿ ಎಂದು ಎಲ್ಲರೂ ಹೇಳುತ್ತಾರೆ.

ಅವ್ವ ಓ ಅನ್ನಲಿಲ್ಲ. ಸೊಪ್ಪನ್ನೇ ನೋಡುತ್ತ ಕೂತಳು.

"ಒಮ್ಮೆ ಓ ಅನ್ನವ್ವಾ, ಮೊಮ್ಮಗಳ ಸಲುವಾಗಿ."

"ರೂಢಿ ಬಿಟ್ಟುಹೋಗೇತಿ," ಎಂದಳು ಅವ್ವ. "ಮೆಲ್ಬರ್ನಿಂದ ಬಂದ ಮ್ಯಾಲೆ ಅವರು ಒಮ್ಮಿನೂ ಕೂಗ್ಲಿಲ್ಲ. ಸಂತ್ಯಾಗ ನನ್ನ ಸೆರಗಿನ ಹಿಂದ ಹಿಂದನ ಬರ್ತಿದ್ರು. ಕೂಗ್ರಿ ಅಂದ್ರ, ಬ್ಯಾಡ, ಮಗಗ ನಾಚಿಕಿ ಆಗ್ತೈತಿ ಅಂತಿದ್ರು. ನಮ್ಮೂರ ಸಂತ್ಯಾಗ ನಾಚಿಕಿ ಪಡಾಕ ನೀ ಎಲ್ಲಿದ್ದಿ?"

ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಫೋನ್ ಕೆಳಗಿಟ್ಟು ನನ್ನತ್ತ ತಿರುಗಿದಳು.

"ಹೂ ಟೋಲ್ಡ್ ಅಜ್ಜ ಟು ಸ್ಟಾಪ್?"

"ನಾನು," ಎಂದೆ.